ಹೆಜ್ಜೇನು ಕೀಳುವ ವಿದ್ಯೆ

ಮಕ್ಕಳೇ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ವಾಸಿಸುತ್ತಾರೆ. ಅವರ ಊರುಗಳಿಗೆ ಪೋಡು ಎನ್ನುತ್ತಾರೆ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ ಕಾಡಿನ ಅಂಚಿನಲ್ಲಿ ಜೇನುಕುರುಬರಿದ್ದಾರೆ. ಅವರ ಹೆಸರಿನಲ್ಲೇ ಜೇನಿದೆ! ಜೇನು ಕೀಳುವ ವಿದ್ಯೆಯನ್ನು ಇವರು ಕಲಿತದ್ದು ಪುಸ್ತಕದಿಂದಲ್ಲ, ಹಿರಿಯರ ಜೊತೆ ಕಾಡು ಸುತ್ತಿ.

ಮರ ಹತ್ತಲು ಬಂದರೆ ಸಾಕೇ? ಸಾಲದು. ಮತ್ತಿ, ಹೊನ್ನೆ, ನೇರಳೆ ಯಾವಾಗ ಹೂ ಬಿಡುತ್ತವೆ, ಯಾವ ಹೂವಿಗೆ ಯಾವ ಜೇನು ಬರುತ್ತದೆ ಎಂಬುದು ತಿಳಿದಿರಬೇಕು. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಇವುಗಳ ಗೂಡೂ ಬೇರೆ, ಗುಣವೂ ಬೇರೆ.

ಹೆಜ್ಜೇನಿನ ಗೂಡಿನಲ್ಲಿ ಇರುವುದು ಒಂದೇ ದೊಡ್ಡ ಎರಿ. ಅದು ಎತ್ತರದ ಕೊಂಬೆಗೋ ಬಂಡೆಗೋ ಜೋತುಬಿದ್ದಿರುತ್ತದೆ. ಅದರ ಒಂದು ಮೇಲ್ತುದಿ ದಪ್ಪ. ಜೇನುತುಪ್ಪ ಇರುವುದು ಅಲ್ಲಿ. ಉಳಿದ ತೆಳು ಭಾಗದಲ್ಲಿ ಮೊಟ್ಟೆ, ಮರಿಹುಳು. ತುಪ್ಪದ ತುದಿಯನ್ನಷ್ಟೇ ಕೊಯ್ದರೆ ಮರಿಗಳು ಉಳಿಯುತ್ತವೆ. ಎಲ್ಲವನ್ನೂ ಕೊಯ್ದರೆ ಆ ಕುಟುಂಬದ ಮುಂದಿನ ಪೀಳಿಗೆಯೇ ಹೋಯಿತು!

ಹೊಗೆ ಏಕೆ ಹಾಕುತ್ತಾರೆ ಗೊತ್ತೇ? ಒಂದು ಹುಳು ಕುಟುಕಿದಾಗ ಒಂದು ಬಗೆಯ ವಾಸನೆ ಹೊರಡುತ್ತದೆ. ಉಳಿದವು ಅದನ್ನು ಹಿಡಿದು ನುಗ್ಗುತ್ತವೆ. ಹೊಗೆ ಆ ವಾಸನೆಯನ್ನು ಮರೆಮಾಡುತ್ತದೆ. ಹೆಜ್ಜೇನು ಬೆಳದಿಂಗಳಲ್ಲೂ ಹಾರಬಲ್ಲದು. ಅದಕ್ಕೇ ಅನೇಕ ಕಡೆ ಚಂದ್ರನಿಲ್ಲದ ರಾತ್ರಿಯಲ್ಲಿ ಜೇನು ಕೀಳುತ್ತಾರೆ.

ಈ ಬೆಟ್ಟ 1974ರಲ್ಲಿ ವನ್ಯಜೀವಿ ಧಾಮವಾಯಿತು. 2006ರ ಹೊತ್ತಿಗೆ ಅಲ್ಲಿ ಜೇನು, ನೆಲ್ಲಿಕಾಯಿ ಮೊದಲಾದವನ್ನು ಮಾರಾಟಕ್ಕೆ ಸಂಗ್ರಹಿಸುವುದು ನಿಂತಿತು. ಅರಣ್ಯ ಹಕ್ಕು ಕಾಯ್ದೆಯಂತೆ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಂಗ್ರಹದ ಹಕ್ಕು ದೊರೆಯಿತು. ನಡುವಿನ ಐದು ವರ್ಷ ಕಡಿಮೆಯೆಂದು ಕಾಣಬಹುದು. ಆದರೆ ಹತ್ತು ವರ್ಷದ ಹುಡುಗ ಅಷ್ಟರಲ್ಲಿ ಹದಿನೈದರವನಾಗಿರುತ್ತಾನೆ. ಅಜ್ಜನ ಜೊತೆ ಹೋಗಿ ನೋಡಬೇಕಾಗಿದ್ದ ಐದು ಹೂವಿನ ಕಾಲ ಅವನಿಗೆ ಮತ್ತೆ ಸಿಗದು. ಅಜ್ಜನಿಗೂ ವಯಸ್ಸಾಗಿರುತ್ತದೆ.

ಕಾಡಿನ ಜೇನಿನಿಂದ ನಮಗೇನು ಎನ್ನಬೇಡಿ. ಹೆಜ್ಜೇನು ಸೂರ್ಯಕಾಂತಿ ಹೊಲಕ್ಕೂ ಬರುತ್ತದೆ. ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುತ್ತದೆ. ಜೇನುಹುಳು ಬಾರದ ಹೊಲದಲ್ಲಿ ಜೊಳ್ಳು ಬೀಜ ಹೆಚ್ಚು. ಗುಂಡ್ಲುಪೇಟೆಯ ರೈತರನ್ನು ಕೇಳಿ ನೋಡಿ.

ಮಾಡಿ ನೋಡಿ: ನಿಮ್ಮ ಶಾಲೆಯ ಸುತ್ತ ಪ್ರತಿ ತಿಂಗಳು ಯಾವ ಗಿಡಮರ ಹೂ ಬಿಡುತ್ತದೆ, ಅದಕ್ಕೆ ಯಾವ ಜೇನು ಬರುತ್ತದೆ ಎಂದು ಒಂದು ವರ್ಷ ಬರೆದಿಡಿ. ಹೆಸರು ತಿಳಿಯದಿದ್ದರೆ ಅಜ್ಜ ಅಜ್ಜಿಯನ್ನು ಕೇಳಿ. ಹೆಜ್ಜೇನಿನ ಗೂಡಿನ ಹತ್ತಿರ ಮಾತ್ರ ಹೋಗಬೇಡಿ, ಕಲ್ಲು ಎಸೆಯಲೇಬೇಡಿ.