ಹವ್ಯಾಸವು ವೃತ್ತಿಯಾದಾಗ

ಹೊಟ್ಟೆಪಾಡಿಗಾಗಿ ಮಾಡುವ ಕೆಲಸ ಒಂದು. ಮನಸ್ಸಂತೋಷಕ್ಕಾಗಿ ಮಾಡುವ ಕೆಲಸ ಇನ್ನೊಂದು. ಇವೆರಡೂ ಒಂದೇ ಆಗಿರುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಬ್ಬರಿಗೆ ಕಸೂತಿಯಲ್ಲಿ ಒಲವು, ಒಬ್ಬರಿಗೆ ಛಾಯಾಗ್ರಹಣದಲ್ಲಿ, ಮತ್ತೊಬ್ಬರಿಗೆ ಊರಿನ ರುಚಿಯ ಚಟ್ನಿಪುಡಿ, ಸಾರಿನ ಪುಡಿಗಳ ತಯಾರಿಕೆಯಲ್ಲಿ. “ಇಷ್ಟು ಚೆನ್ನಾಗಿ ಮಾಡುತ್ತೀರಿ, ಮಾರಬಾರದೇಕೆ?” ಎಂದು ನೆರೆಹೊರೆಯವರು ಕೇಳುವುದುಂಟು. ಆ ಒಂದು ಮಾತನ್ನು ನಂಬಿ ನೌಕರಿ ಬಿಟ್ಟು, ಭವಿಷ್ಯನಿಧಿಯ ಹಣವನ್ನು ತೊಡಗಿಸಿ, ಕಡೆಗೆ ಹಣವನ್ನೂ ಒಲವನ್ನೂ ಒಟ್ಟಿಗೆ ಕಳೆದುಕೊಂಡವರಿದ್ದಾರೆ. ಹಾಗೆಯೇ ಅದೇ ಮಾತಿನಿಂದ ಬಾಳನ್ನು ಬೆಳಗಿಸಿಕೊಂಡವರೂ ಇದ್ದಾರೆ. ಇವರೀರ್ವರ ನಡುವಣ ಅಂತರವು ಬಹುಮಟ್ಟಿಗೆ ಅದೃಷ್ಟದ್ದಲ್ಲ, ತಿಳಿವಳಿಕೆಯದು.

ಒಡೆಯನು ಬದಲಾಗುತ್ತಾನೆ

ಹವ್ಯಾಸಕ್ಕೆ ಒಡೆಯನು ಅದನ್ನು ಮಾಡುವವನೇ. ಮನಸ್ಸಿದ್ದ ದಿನ ಮಾಡಬಹುದು, ಇಲ್ಲದ ದಿನ ಬಿಡಬಹುದು. ಇಂದು ಖಾರ ಹೆಚ್ಚಾದರೆ ಮನೆಯವರು ನಕ್ಕು ಉಣ್ಣುತ್ತಾರೆ. ವೃತ್ತಿಗೆ ಒಡೆಯನು ಕೊಳ್ಳುವವನು. ಅವನಿಗೆ ಬೇಕಾದ ದಿನ, ಬೇಕಾದ ಪ್ರಮಾಣದಲ್ಲಿ, ಕಳೆದ ತಿಂಗಳಿನ ರುಚಿಯಲ್ಲಿಯೇ ವಸ್ತು ಸಿಗಬೇಕು. ಒಲವು ಕೈಹಿಡಿದು ಹೊಸ್ತಿಲವರೆಗೆ ಕರೆತರುತ್ತದೆ. ಅಲ್ಲಿಂದ ಮುಂದೆ ನಡೆಸುವುದು ಶಿಸ್ತು. ಈ ಸತ್ಯವನ್ನು ಮುಂಬಯಿ ನಗರದ ಎರಡು ನಿದರ್ಶನಗಳು ಸ್ಪಷ್ಟಪಡಿಸುತ್ತವೆ.

ಗಿರಗಾಂವಿನ ಏಳು ಮಂದಿ

1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಜಸವಂತಿಬೆನ್ ಪೋಪಟ್ ಮೊದಲಾದ ಏಳು ಮಂದಿ ಗುಜರಾತಿ ಗೃಹಿಣಿಯರು ಹಪ್ಪಳ ಲಟ್ಟಿಸಲು ಕುಳಿತರು. ಅವರ ಬಂಡವಾಳ 80 ರೂಪಾಯಿ, ಅದೂ ಸಾಲದ್ದು. ಮೊದಲ ದಿನ ತಯಾರಾದದ್ದು ನಾಲ್ಕೇ ಪೊಟ್ಟಣಗಳು. ನಷ್ಟವಾದರೂ ಯಾರಿಂದಲೂ ದಾನ ಸ್ವೀಕರಿಸುವುದಿಲ್ಲವೆಂದು ಅವರು ಆರಂಭದಲ್ಲಿಯೇ ನಿಶ್ಚಯಿಸಿದರು. ಮೊದಲ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಹಚ್ಚಿ, ಮಳೆಯಲ್ಲಿಯೂ ಒಣಗಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್ ಸಂಸ್ಥೆ. ಸಾವಿರಾರು ಮಹಿಳೆಯರಿಗೆ ಅದು ಉದ್ಯೋಗ ನೀಡಿದೆ. ಜಸವಂತಿಬೆನ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಹಪ್ಪಳ ಲಟ್ಟಿಸುವುದು ಆ ಕಾಲದ ಎಷ್ಟೋ ಮನೆಗಳ ಹೆಂಗಸರಿಗೆ ತಿಳಿದಿತ್ತು. ಈ ಏಳು ಮಂದಿಯನ್ನು ಬೇರೆಯಾಗಿಸಿದ್ದು ಆ ಮಂಚ ಮತ್ತು ಸ್ಟೌ: ಮಳೆ ಬಂದರೂ ಗಿರಾಕಿಗೆ ಹಪ್ಪಳ ದೊರೆಯಬೇಕೆಂಬ ಛಲ. ರುಚಿಯ ಸಮಾನತೆಗಾಗಿ ಹಿಟ್ಟನ್ನು ಶಾಖೆಯಲ್ಲಿ ಕಲಸಿ ಹಂಚುವ, ಮನೆಯಲ್ಲಿ ಲಟ್ಟಿಸಿ ತಂದ ಹಪ್ಪಳವನ್ನು ಪರೀಕ್ಷಿಸಿ ತೂಗಿ ಸ್ವೀಕರಿಸುವ ಪದ್ಧತಿಯೂ ಬೆಳೆದುಬಂದಿತು.

ಜುಹುವಿನ ಹಣ್ಣಿನ ರುಚಿ

ಎರಡನೆಯ ನಿದರ್ಶನ ಕನ್ನಡ ನಾಡಿನ ಮಗನದು. ದಕ್ಷಿಣ ಕನ್ನಡದ ಮೂಲ್ಕಿಯ ಸಮೀಪದ ಹಳ್ಳಿಯಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದ ರಘುನಂದನ ಕಾಮತರು ಅಣ್ಣನ ಹೋಟೆಲಿನಲ್ಲಿ ದುಡಿದರು. ತಂದೆ ಹಣ್ಣಿನ ವ್ಯಾಪಾರಿ. ಮಾಗಿದ ಹಣ್ಣನ್ನು ಗುರುತಿಸುವ ವಿದ್ಯೆ ಮಗನಿಗೆ ಮನೆಯಲ್ಲಿಯೇ ದಕ್ಕಿತ್ತು. ಐಸ್‌ಕ್ರೀಮಿನಲ್ಲಿ ಹಣ್ಣಿನ ಪರಿಮಳದ ಬದಲು ಹಣ್ಣೇ ಏಕಿರಬಾರದು ಎಂಬ ಆಲೋಚನೆಯಿಂದ 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ಅವರು ಅಂಗಡಿ ತೆರೆದರು. ಐಸ್‌ಕ್ರೀಮಿಗಾಗಿಯೇ ಜನ ಬರುವರೆಂಬ ಭರವಸೆ ಆಗ ಇರಲಿಲ್ಲ. ಆದ್ದರಿಂದ ಜನರಿಗೆ ಪ್ರಿಯವಾದ ಪಾವ್ ಭಾಜಿಯನ್ನು ಮುಂದಿಟ್ಟು, ಖಾರ ತಿಂದ ಬಾಯಿಗೆ ಐಸ್‌ಕ್ರೀಮನ್ನು ಒದಗಿಸಿದರು. ಹಣ್ಣಿನ ರುಚಿಗೆ ಜನ ಒಲಿದ ಬಳಿಕ ಪಾವ್ ಭಾಜಿಯನ್ನು ನಿಲ್ಲಿಸಿದರು. ಸೀಯಾಳ, ಹಲಸುಗಳ ಐಸ್‌ಕ್ರೀಮಿಗೆ ಹೆಸರಾದ ‘ನ್ಯಾಚುರಲ್ಸ್’ ಹೀಗೆ ಬೆಳೆಯಿತು. ಕಾಮತರು 2024ರಲ್ಲಿ ನಿಧನರಾದರು.

ಇಲ್ಲಿಯ ಪಾಠ ಮನನೀಯವಾದುದು. ಒಲವಿನ ಕೆಲಸವು ತನ್ನ ಕಾಲ ಮೇಲೆ ನಿಲ್ಲುವವರೆಗೆ ಅದನ್ನು ಹೊರಲು ಮತ್ತೊಂದು ಆದಾಯ ಬೇಕು. ಕಾಮತರಿಗೆ ಅದು ಪಾವ್ ಭಾಜಿ. ನೌಕರರಿಗೆ ಅದು ತಿಂಗಳ ಸಂಬಳ. ಆರು ತಿಂಗಳ ಮನೆವೆಚ್ಚದಷ್ಟು ಹಣ ಕೈಯಲ್ಲಿ ಕೂಡುವವರೆಗೆ, ಪರಿಚಯವಿಲ್ಲದ ಗಿರಾಕಿಯು ಎರಡನೆಯ ಸಲ ಹುಡುಕಿಕೊಂಡು ಬರುವವರೆಗೆ, ನೌಕರಿ ಬಿಡುವುದು ಉಚಿತವಲ್ಲ. ನಂಟರು ದಾಕ್ಷಿಣ್ಯದಿಂದ ಕೊಳ್ಳುತ್ತಾರೆ. ಅಪರಿಚಿತನು ಗುಣವನ್ನು ನೋಡಿ ಕೊಳ್ಳುತ್ತಾನೆ. ಸರಕಾರಿ ನೌಕರರು ಮುಂಚಿತವಾಗಿ ಅನುಮತಿ ಪಡೆಯದೆ ವ್ಯಾಪಾರದಲ್ಲಿ ತೊಡಗುವಂತಿಲ್ಲ ಎಂಬುದನ್ನೂ ಮರೆಯಬಾರದು.

ಲೆಕ್ಕದ ಪುಸ್ತಕ

ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ. ಗೃಹಿಣಿಯೊಬ್ಬರು ಒಂದು ಕಿಲೋ ಚಟ್ನಿಪುಡಿಯನ್ನು 400 ರೂಪಾಯಿಗೆ ಮಾರುವರೆಂದು ಭಾವಿಸೋಣ. ಬೇಳೆ, ಮೆಣಸಿನಕಾಯಿ, ಕೊಬ್ಬರಿಗಳಿಗೆ 260 ರೂಪಾಯಿ ಖರ್ಚು. ಉಳಿದ 140 ರೂಪಾಯಿ ಲಾಭವೆಂದು ಅವರು ಬಗೆಯುವುದು ಸಹಜ. ಆದರೆ ಇಂಧನಕ್ಕೆ 20, ಪೊಟ್ಟಣಕ್ಕೆ 30, ಹಾಳಾಗುವುದಕ್ಕೆ 10 ರೂಪಾಯಿ ಸೇರಿಸಿದರೆ ಖರ್ಚು 320 ಆಯಿತು. ಮೂರು ಗಂಟೆಯ ದುಡಿಮೆಗೆ ಗಂಟೆಗೆ 80ರಂತೆ 240 ರೂಪಾಯಿ. ಒಟ್ಟು 560. ಲಾಭವಿರಲಿ, 160 ರೂಪಾಯಿ ನಷ್ಟ!

ಅದೇ ಗೃಹಿಣಿ ಒಂದೇ ಸಲಕ್ಕೆ ನಾಲ್ಕು ಕಿಲೋ ಮಾಡಿ, ಐದು ಗಂಟೆಗಳಲ್ಲಿ ಮುಗಿಸಿದರೆ ಕಿಲೋಗೆ ದುಡಿಮೆಯ ಬೆಲೆ 100 ರೂಪಾಯಿಗೆ ಇಳಿಯುತ್ತದೆ. ಅಸಲು 420 ಆಗುತ್ತದೆ. 500 ರೂಪಾಯಿಗೆ ನೇರವಾಗಿ ಮಾರಿದರೆ 80 ರೂಪಾಯಿ ಲಾಭ. ಆದರೆ ಅಂಗಡಿಯ ಮೂಲಕ ಮಾರಿ, ಅಂಗಡಿಯವನಿಗೆ ಶೇಕಡಾ 20ರಷ್ಟು ಕಮಿಷನ್ ಬಿಟ್ಟರೆ ಕೈಗೆ ಬರುವುದು 400. ಮತ್ತೆ 20 ರೂಪಾಯಿ ನಷ್ಟ. ಅಂಕಿಗಳು ಊರಿಂದೂರಿಗೆ ಬದಲಾದಾವು. ಲೆಕ್ಕದ ಕ್ರಮ ಬದಲಾಗದು. ತನ್ನ ದುಡಿಮೆಗೆ ಬೆಲೆ ಕಟ್ಟದವರು ವ್ಯಾಪಾರ ಮಾಡುತ್ತಿಲ್ಲ, ದಾನ ಮಾಡುತ್ತಿದ್ದಾರೆ.

ಸಾಲದ ವಿಷಯದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಯವರೆಗಿನ ‘ಶಿಶು’ ಸಾಲಕ್ಕೆ ಅಡಮಾನ ಬೇಕಿಲ್ಲ. ಆದರೆ ಸಾಲವು ಗಿರಾಕಿಯ ಬೇಡಿಕೆಯ ಹಿಂದೆ ಬರಬೇಕೇ ಹೊರತು ಮುಂದೆ ಹೋಗಬಾರದು.

ಶುಚಿತ್ವ ಮತ್ತು ಕಾನೂನು

ತಿನಿಸಿನ ವ್ಯಾಪಾರವು ಇತರರ ಆರೋಗ್ಯದ ಹೊಣೆಯನ್ನೂ ಹೊರಿಸುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಪೊಟ್ಟಣದ ಮೇಲೆ ಪದಾರ್ಥಗಳ ಹೆಸರು, ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿಗಳನ್ನು ನಮೂದಿಸಬೇಕು. ಮನೆಬಳಕೆಯ ಗ್ಯಾಸ್ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸಲು ಕಾನೂನು ಅನುಮತಿಸುವುದಿಲ್ಲ.

ಹುರಿದ ಪುಡಿಯನ್ನು ಪೂರ್ತಿ ಆರಿದ ಮೇಲೆಯೇ ಪೊಟ್ಟಣ ಕಟ್ಟಬೇಕು. ಬಿಸಿಯಿರುವಾಗ ಕಟ್ಟಿದರೆ ಒಳಗಿನ ಆವಿ ನೀರಾಗಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಬೆಳೆಯಬಲ್ಲದು. ಅದು ಯಕೃತ್ತಿಗೆ ಹಾನಿಕರ. ಹುರಿದರೂ ಪೂರ್ಣವಾಗಿ ನಾಶವಾಗದು. ಅಂತಹ ಕಾಳುಗಳನ್ನು ಲೋಭವಿಲ್ಲದೆ ಎಸೆಯಬೇಕು. ಮೆಣಸಿನಕಾಯಿ ಹುರಿಯುವಾಗ ಕಿಟಕಿ ತೆರೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಆ ಘಾಟು ಪಕ್ಕದ ಮನೆಯ ಉಬ್ಬಸದ ರೋಗಿಯನ್ನೂ ಕಾಡುತ್ತದೆ.

ದೇಹ ಮತ್ತು ಮನಸ್ಸು

ಪ್ರೀತಿಯ ಕೆಲಸಕ್ಕೆ ಗಡಿಯಾರವಿಲ್ಲ, ಅಪಾಯವಿರುವುದು ಅಲ್ಲಿಯೇ. ಹಗಲು ನೌಕರಿ, ರಾತ್ರಿ ಹೊಸ ಕಸುಬು ಎಂದು ನಿದ್ರೆಯನ್ನು ಕಡಿದುಕೊಂಡವರಿಗೆ ಕ್ರಮೇಣ ಸೊಂಟನೋವು, ಸಿಡುಕು, ರಕ್ತದೊತ್ತಡಗಳು ಜೊತೆಯಾಗಬಹುದು. ವಾರಕ್ಕೆ ಒಂದು ದಿನ ಬಿಡುವು, ಹೊತ್ತಿಗೆ ಸರಿಯಾಗಿ ಊಟ, ಏಳು ಗಂಟೆಯ ನಿದ್ರೆ ಇವು ಬಂಡವಾಳದಷ್ಟೇ ಅವಶ್ಯ.

ಮನಸ್ಸಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ಆಸಕ್ತರಾದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ “ಬರೆದರೆ ಬಹುಮಾನ” ಎಂದು ಮೊದಲೇ ಹೇಳಲಾಯಿತು. ಕೆಲದಿನಗಳ ನಂತರ, ಬಹುಮಾನದ ಮಾತಿಲ್ಲದಿದ್ದಾಗ, ಆ ಮಕ್ಕಳು ಇತರರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬರೆದರು. ನಿರೀಕ್ಷಿಸದೆ ಬಹುಮಾನ ಪಡೆದ ಮಕ್ಕಳ ಆಸಕ್ತಿ ಮಾತ್ರ ಕುಂದಲಿಲ್ಲ. ಸಂತೋಷಕ್ಕಾಗಿ ಮಾಡುತ್ತಿದ್ದುದನ್ನು ಪ್ರತಿಫಲಕ್ಕಾಗಿಯೇ ಮಾಡತೊಡಗಿದರೆ ಒಲವು ಬತ್ತುವ ಸಂಭವವುಂಟೆಂಬುದು ಇದರ ತಾತ್ಪರ್ಯ.

ಆದುದರಿಂದ ಒಲವಿನ ಒಂದು ಪಾಲನ್ನು ಮಾರುಕಟ್ಟೆಯಿಂದ ಹೊರಗಿಡುವುದು ವಿವೇಕ. ಮದುವೆಗಳ ಛಾಯಾಚಿತ್ರ ತೆಗೆದು ಬದುಕುವವರು ತಿಂಗಳಿಗೊಮ್ಮೆ ಹಕ್ಕಿಗಳ ಚಿತ್ರವನ್ನು ತಮಗಾಗಿಯೇ ತೆಗೆಯಲಿ. ಸಂಗೀತ ಪಾಠ ಹೇಳುವವರು ಬೆಳಗಿನ ಅರ್ಧ ಗಂಟೆ ಶಿಷ್ಯರಿಲ್ಲದೆ ಹಾಡಿಕೊಳ್ಳಲಿ. ಎಂಟು ಕಿಲೋ ಪುಡಿಯನ್ನು ಅಳೆದು ತೂಗಿ ಕಟ್ಟಿದ ಗೃಹಿಣಿ, ಒಂದು ಹಿಡಿಯನ್ನು ಅಳತೆಯಿಲ್ಲದೆ ತನ್ನ ಮನೆಯವರಿಗೆಂದು ಕುಟ್ಟಲಿ. ವೃತ್ತಿಯು ಸಂಸಾರವನ್ನು ಸಲಹುತ್ತದೆ. ಆ ಹಿಡಿ ಪುಡಿಯು ವೃತ್ತಿಯನ್ನು ಸಲಹುತ್ತದೆ.