ಮನೆಯ ನೆಲ ತೊಳೆಯುವಾಗ ಎಚ್ಚರ

ಮೇಲೂರು, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರ ಮನೆಗಳಲ್ಲಿ ಬ್ಲೀಚಿಂಗ್ ಪೌಡರ್ ಸಾಮಾನ್ಯ. ರೋಗಿ ಮನೆಗೆ ಬರುತ್ತಾರೆಂದು ಅದಕ್ಕೆ ಬಚ್ಚಲು ತೊಳೆಯುವ ಆಸಿಡ್ ಬೆರೆಸಿ ನೆಲ ಉಜ್ಜಬೇಡಿ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಕಣ್ಣು ಉರಿದು ಉಸಿರು ಕಟ್ಟುತ್ತದೆ. ಉಬ್ಬಸ ಇರುವವರಿಗಂತೂ ಪ್ರಾಣಾಪಾಯ. ಹಾಗೇನಾದರೂ ಆದರೆ ಕೂಡಲೇ ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ. ಘಾಟು ಹೆಚ್ಚಿದ್ದರೆ ಶುಚಿಯೂ ಹೆಚ್ಚು ಎಂಬುದು ತಪ್ಪು ತಿಳುವಳಿಕೆ.

ರೆಡ್ ಆಕ್ಸೈಡ್ ನೆಲಕ್ಕೆ ಆಸಿಡ್ ಬೇಡವೇ ಬೇಡ, ಹೊಳಪು ಹಾಳಾಗುತ್ತದೆ. ಸೋಪಿನ ನೀರಿನಲ್ಲಿ ಒರೆಸಿ, ಮತ್ತೊಮ್ಮೆ ಬರೀ ನೀರಿನಲ್ಲಿ ಒರೆಸಿದರೆ ಸಾಕು. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಕೋಲೂರಿ ನಡೆಯುವ ಹಿರಿಯರಿರುವ ಮನೆಯಲ್ಲಿ ಅದನ್ನು ನಿಲ್ಲಿಸಿ. ಒರೆಸಿದ ನೆಲ ಪೂರ್ತಿ ಒಣಗುವ ತನಕ ರೋಗಿಯನ್ನು ಮಂಚದಿಂದ ಇಳಿಸಬೇಡಿ.