ಜೋಳದ ರಾಶಿಗೆ ಬಾಯಿ ಹಾಕಿದ ಎತ್ತು

ಸುಗ್ಗಿಯ ಕಾಲದಲ್ಲಿ ಕಣ್ಣಿ ಹರಿದುಕೊಂಡ ಎತ್ತು ರಾತ್ರಿ ಜೋಳದ ರಾಶಿಗೆ ಬಾಯಿ ಹಾಕಿ, ಎರಡು ಮೂರು ದಿನಗಳಲ್ಲಿ ಸತ್ತುಬಿದ್ದ ಸುದ್ದಿಯನ್ನು ಅಕ್ಕಲಕೋಟೆ, ಜತ್ತ ಕಡೆಯ ಒಕ್ಕಲು ಮಕ್ಕಳಾದ ನಾವೆಲ್ಲ ಕೇಳಿದ್ದೇವೆ. ಕಾಳು ಹೊಟ್ಟೆಯಲ್ಲಿ ಉಬ್ಬಿತೆಂದು ಹೇಳಿ ಸುಮ್ಮನಾಗುತ್ತೇವೆ. ಕೊಲ್ಲುವುದು ಉಬ್ಬಿದ ಕಾಳಲ್ಲ. ಅದರಿಂದ ಹುಟ್ಟಿದ ಹುಳಿ.

ತಿಂದದ್ದನ್ನು ಅರಗಿಸುವವು ಕಿಣ್ವಗಳು. ಪ್ರತಿಯೊಂದು ಕಿಣ್ವಕ್ಕೂ ತನಗೆ ಒಗ್ಗುವ ಹುಳಿಯ ಮಟ್ಟವಿದೆ. ಈ ಮಟ್ಟವನ್ನು ಅಳೆಯಲು ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸನ್ 1909ರಲ್ಲಿ ಪಿ.ಎಚ್. ಎಂಬ ಮಾನವನ್ನು ತಂದರು. ಶುದ್ಧ ನೀರು 7. ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಜಠರದ ಪೆಪ್ಸಿನ್ 2ರ ಸುಮಾರಿನ ಕಡುಹುಳಿಯಲ್ಲಿ ಚುರುಕು. ಸಣ್ಣ ಕರುಳಿನ ಟ್ರಿಪ್ಸಿನ್ನಿಗೆ 8ರ ಸುಮಾರು ಬೇಕು. ಒಂದರ ಜಾಗದಲ್ಲಿ ಇನ್ನೊಂದು ದುಡಿಯಲಾರದು.

ದನದ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯ ದೊಡ್ಡ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವಗಳೇ ಕಣಿಕೆಯ ನಾರನ್ನು ಒಡೆಯುತ್ತವೆ. ಇವಕ್ಕೆ 6ರಿಂದ 7ರ ಮಟ್ಟ ಹಿತ. ಕಣಿಕೆ ತಿಂದ ದನ ಬಹಳ ಹೊತ್ತು ಮೆಲುಕು ಹಾಕುತ್ತದೆ. ದೊಡ್ಡ ರಾಸಿನ ಬಾಯಲ್ಲಿ ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ಊರುತ್ತದೆ. ಅದರಲ್ಲಿರುವ ಸೋಡಾ ಹುಳಿಯನ್ನು ಮುರಿಯುತ್ತದೆ.

ಕಾಳಿನಲ್ಲಿ ನಾರು ಕಡಿಮೆ, ಪಿಷ್ಟ ಹೆಚ್ಚು. ಒಮ್ಮೆಲೇ ಬಹಳ ಕಾಳು ಹೊಟ್ಟೆಗೆ ಬಿದ್ದರೆ ಬೇರೊಂದು ಜಾತಿಯ ಜೀವಿಗಳು ಹೆಚ್ಚಿ, ಮೊಸರನ್ನು ಹುಳಿಮಾಡುವ ಲ್ಯಾಕ್ಟಿಕ್ ಆಮ್ಲವನ್ನೇ ಅಲ್ಲಿ ತುಂಬುತ್ತವೆ. ಮಟ್ಟ 6ಕ್ಕಿಂತ ಕೆಳಗೆ ಬಂದರೆ ನಾರು ಅರಗುವುದು ಕುಂದುತ್ತದೆ. 5ಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಚಲನೆ ನಿಲ್ಲುತ್ತದೆ, ಮೈಯ ನೀರು ಹೊಟ್ಟೆಗೆ ಸೆಳೆಯಲ್ಪಡುತ್ತದೆ, ಹುಳಿ ರಕ್ತಕ್ಕೂ ಏರುತ್ತದೆ.

ಇದರ ಲಕ್ಷಣಗಳು: ಮೆಲುಕು ನಿಲ್ಲುವುದು, ಎಡಪಕ್ಕೆ ಉಬ್ಬುವುದು, ಹುಳಿವಾಸನೆಯ ತೆಳ್ಳನೆಯ ಸಗಣಿ, ತೂರಾಡುವುದು. ಇವು ಕಾಣಿಸಲು ಅರ್ಧ ದಿನಕ್ಕೂ ಹೆಚ್ಚು ಹಿಡಿಯಬಹುದು. ಆದುದರಿಂದ ದನ ಗಟ್ಟಿಮುಟ್ಟಾಗಿ ಕಂಡರೂ, ರಾಶಿ ಮೇಯ್ದದ್ದು ತಿಳಿದ ಕೂಡಲೆ ಪಶುವೈದ್ಯರನ್ನು ಕರೆಯಬೇಕು. ಮಜ್ಜಿಗೆ, ಹುಳಿ ಅಂಬಲಿಯ ಗೊಟ್ಟ ಹಾಕಬಾರದು. ಹುಳಿಗೆ ಹುಳಿ ಕೂಡಿಸಿದಂತಾಗುತ್ತದೆ. ಸೋಡಾ ಎಷ್ಟು, ಹೇಗೆ ಕೊಡಬೇಕೆಂಬುದನ್ನು ವೈದ್ಯರೇ ಹೇಳಲಿ.

ನುಚ್ಚು, ಹಿಟ್ಟು ಇಡೀ ಕಾಳಿಗಿಂತ ಬೇಗ ಹುಳಿಯಾಗುತ್ತವೆ. ತಿನ್ನಿಸುವುದಾದರೆ ಮೊದಲು ಕಣಿಕೆ ಹಾಕಿ, ಆಮೇಲೆ ನುಚ್ಚು ಇಡೋಣ. ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸೋಣ. ಸುಗ್ಗಿಯ ರಾತ್ರಿ ಮಲಗುವ ಮುಂಚೆ ಎತ್ತಿನ ಕಣ್ಣಿಯನ್ನು ಒಮ್ಮೆ ಎಳೆದು ನೋಡೋಣ.